ಗುಂಡು ಕಾಣಬೇಕು, ಚಕ್ರ ತಿರುಗಬಾರದು

ನಮ್ಮ ಸೆಕ್ಷನ್‌ನಲ್ಲಿ ವ್ಯಾಲೊರಂಟ್ ಆಡುವವರು ಬೇಕಾದಷ್ಟು ಜನ ಇದ್ದಾರೆ. ಅದಕ್ಕೆ ಕನ್ನಡದಲ್ಲಿ ಕಾಮೆಂಟರಿ ಹೇಳಬಲ್ಲವನು ಒಬ್ಬನೇ. ಅವನು ಅರಕಲಗೂಡಿನ ಕಡೆಯವನು, ಮನೆಯಲ್ಲಿ ಹೊಗೆಸೊಪ್ಪು, ಆಲೂಗಡ್ಡೆ ಬೆಳೆಯುತ್ತಾರೆ. ಅವನ ಬಳಿ ಕಂಪ್ಯೂಟರ್ ಇಲ್ಲ. ಇರುವುದು ಒಂದು ಫೋನ್, ಅದಕ್ಕೆ ದಿನಕ್ಕೆ 1.5 ಜಿಬಿ ಡೇಟಾ. ಆದರೂ "ಬಂದ ನೋಡಪ್ಪಾ, ಗೋಡೆ ಹಿಂದೆ ಕೂತವ್ನೆ, ಈಗ ಇಣುಕ್ತಾನೆ, ಇಣುಕ್ದಾ... ಹೋದ!" ಎಂದು ಅವನು ಶುರು ಮಾಡಿದರೆ ಆಟ ಗೊತ್ತಿಲ್ಲದವರೂ ಕೂತು ಕೇಳುತ್ತಾರೆ. ಸೌದಿಯಲ್ಲಿ ಎಸಿ ಮೆಕ್ಯಾನಿಕ್ ಆಗಿರುವ ನಮ್ಮ ಭಾಯಿ ಹೇಳುವುದೂ ಅದನ್ನೇ: "ನಿನ್ನ ಆಟ ನನಗೆ ತಿಳಿಯಲ್ಲ, ಆ ಹುಡುಗನ ಮಾತು ಕೇಳೋಕೆ ಹಾಕ್ಕೋತೀನಿ."

ನಮ್ಮ ಶನಿವಾರದ ಲೈವ್ ನಡೆಯುವುದು ಹೀಗೆ. ಹಾಸನದಲ್ಲಿ ನಾನು, ಭಾಯಿ ಕೊಡಿಸಿದ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1650 ಕಾರ್ಡ್ ಇರುವ ಪಿಸಿಯ ಮುಂದೆ. ಹೊಳೆನರಸೀಪುರದ ಗೆಳೆಯ ಅವರ ಮಾವನ ಫೋಟೊ ಸ್ಟುಡಿಯೊದ ಕಂಪ್ಯೂಟರ್‌ನಲ್ಲಿ, ಅಂಗಡಿ ಬಾಗಿಲು ಹಾಕಿದ ಮೇಲೆ. ಚನ್ನರಾಯಪಟ್ಟಣದವನು ಅಕ್ಕನ ಇಂಜಿನಿಯರಿಂಗ್ ಲ್ಯಾಪ್‌ಟಾಪ್‌ನಲ್ಲಿ. ಇನ್ನಿಬ್ಬರು ಹಾಸನದವರೇ. ಅರಕಲಗೂಡಿನವನು ಫೋನ್ ಹಿಡಿದು ಮಹಡಿ ಮೇಲೆ ಕೂರುತ್ತಾನೆ, ಏಕೆಂದರೆ ಅವರ ಮನೆಯಲ್ಲಿ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಅವನ ಫೋನಿಗೆ ಚಿತ್ರ ಸರಾಗವಾಗಿ ಹೋದರೆ ಲೈವ್ ಇದೆ, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಒಬಿಎಸ್ ಸಾಫ್ಟ್‌ವೇರ್‌ನ ಸೆಟ್ಟಿಂಗ್‌ಗಳನ್ನು ನಾವು ನನ್ನ ಮಾನಿಟರ್ ನೋಡಿ ಇಡಲಿಲ್ಲ, ಅವನ ಫೋನ್ ನೋಡಿ ಇಟ್ಟೆವು. ಅದಕ್ಕೆ ಮೂರು ಶನಿವಾರ ಹಿಡಿಯಿತು.

ಮೊದಲು ಲೆಕ್ಕ. 720ಪಿ ಚಿತ್ರ ಎಂದರೆ 1280 ಅಡ್ಡ, 720 ಉದ್ದ, ಒಟ್ಟು 9,21,600 ಚುಕ್ಕೆಗಳು. ಒಂದು ಚುಕ್ಕೆಗೆ 3 ಬೈಟ್ ಎಂದರೆ ಒಂದು ಫ್ರೇಮ್ ಸುಮಾರು 2.76 ಎಂಬಿ. ಸೆಕೆಂಡಿಗೆ 30 ಫ್ರೇಮ್ ಎಂದರೂ 83 ಎಂಬಿ. ನನ್ನ ಕನೆಕ್ಷನ್‌ನಿಂದ ಹೊರಗೆ ಕಳಿಸಲು ಸಿಗುವುದು ಸೆಕೆಂಡಿಗೆ ಒಂದು ಎಂಬಿಯೂ ಇಲ್ಲ. ಇಷ್ಟನ್ನು ಅಷ್ಟರೊಳಗೆ ತುರುಕುವ ಕೆಲಸ ಎನ್‌ಕೋಡರ್‌ನದು. ನಾವು ಬಳಸುವುದು 2003ರಲ್ಲಿ ಬಂದ ಎಚ್.264 ಎಂಬ ವಿಧಾನ. ಅದು ಚಿತ್ರವನ್ನು 16ಕ್ಕೆ 16 ಚುಕ್ಕೆಗಳ ಚೌಕಗಳಾಗಿ ಕತ್ತರಿಸುತ್ತದೆ. 720ಪಿಯಲ್ಲಿ ಅಂಥ 3600 ಚೌಕ. ಪ್ರತಿ ಚೌಕಕ್ಕೂ ಅದು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದು ಹಿಂದಿನ ಫ್ರೇಮ್‌ನಲ್ಲಿ ಎಲ್ಲಾದರೂ ಇತ್ತೇ? ಇದ್ದರೆ "ಅದೇ ಚೌಕ, ಇಷ್ಟು ಎಡಕ್ಕೆ ಸರಿದಿದೆ" ಎಂದು ಬರೆದು ಮುಗಿಸುತ್ತದೆ. ಇಲ್ಲದಿದ್ದರೆ ಹೊಸದಾಗಿ ಬಿಡಿಸಬೇಕು. ಹೊಸದಾಗಿ ಬಿಡಿಸುವುದೇ ದುಬಾರಿ.

ಕ್ರಿಕೆಟ್ ಪಂದ್ಯದಲ್ಲಿ ಮೈದಾನ ಇದ್ದಲ್ಲೇ ಇರುತ್ತದೆ, ಚೆಂಡು ಮತ್ತು ಹನ್ನೆರಡು ಹದಿಮೂರು ಜನ ಅಲ್ಲಾಡುತ್ತಾರೆ. ಆಟಗಾರನ ಕಣ್ಣಿನಿಂದಲೇ ಎಲ್ಲ ಕಾಣುವ ಫಸ್ಟ್ ಪರ್ಸನ್ ಶೂಟರ್‌ನಲ್ಲಿ ಹಾಗಲ್ಲ. ನಾನು ಮೌಸ್ ಸರಕ್ಕನೆ ತಿರುಗಿಸಿದರೆ ಹಿಂದಿನ ಫ್ರೇಮ್‌ನಲ್ಲಿ ಇಲ್ಲದ ಗೋಡೆ, ಬಾಗಿಲು, ಆಕಾಶ ಒಮ್ಮೆಗೇ ಬರುತ್ತವೆ. ಜೊತೆಗೆ ಹೊಗೆ, ಕಿಡಿ, ಬೆಂಕಿ. ಇನ್ನು ಹುಲ್ಲು ಬಂದರಂತೂ ಮುಗಿಯಿತು. ಬಿಜಿಎಂಐನ ಎರಾಂಗೆಲ್ ಬಯಲು ನೆನಪಿಸಿಕೊಳ್ಳಿ. ಗಾಳಿಗೆ ರಾಗಿ ಹೊಲ ಆಡುವ ಹಾಗೆ ಒಂದೊಂದು ಎಸಳೂ ಒಂದೊಂದು ಕಡೆಗೆ. ಯಾವ ಚೌಕಕ್ಕೂ "ಅದೇ ಇದು" ಎಂದು ಹೇಳಲಾಗದು. ವ್ಯಾಲೊರಂಟ್‌ನ ಗೋಡೆಗಳು ಬಣ್ಣ ಬಳಿದ ಹಲಗೆಯಂತೆ ನುಣುಪಾಗಿರುವುದರಿಂದ ಅದೇ ಬಿಟ್‌ರೇಟ್‌ನಲ್ಲಿ ಎಷ್ಟೋ ಸ್ವಚ್ಛ ಕಾಣುತ್ತದೆ. ನಾವು ಆ ಆಟವನ್ನು ಆರಿಸಿಕೊಂಡಿದ್ದಕ್ಕೆ ಇದೂ ಒಂದು ಕಾರಣ. ಆಟದೊಳಗಿನ ಗ್ರಾಫಿಕ್ಸ್ ಡೀಟೇಲ್ ಅನ್ನು ಲೋ ಇಟ್ಟರೆ ಎನ್‌ಕೋಡರ್‌ಗೂ ಹೊರೆ ಕಡಿಮೆ. ಒಂದು ರೌಂಡ್ ಮುಗಿದು ಇನ್ನೊಂದು ಶುರುವಾಗುವವರೆಗೆ ಸುಮ್ಮನೆ ಗಿರಗಿರ ಸುತ್ತುವ ಅಭ್ಯಾಸ ಬಹಳ ಜನಕ್ಕಿದೆ. "ಮಗಾ, ಬುಗುರಿ ಆಡಿಸ್ಬೇಡ, ಚಿತ್ರ ಉಪ್ಪಿಟ್ಟಾಗ್ತದೆ" ಎಂದು ಅರಕಲಗೂಡಿನಿಂದ ಕೂಗು ಬರುತ್ತದೆ.

ಎರಡನೆಯದು ಅಪ್‌ಲೋಡ್. ನಮ್ಮ ಬೀದಿಗೆ ಕನೆಕ್ಷನ್ ಕೊಟ್ಟವರು ಜಾಹೀರಾತಿನಲ್ಲಿ ಹೇಳುವುದು ಡೌನ್‌ಲೋಡ್ ವೇಗ. ಲೈವ್‌ಗೆ ಬೇಕಾದದ್ದು ಅಪ್‌ಲೋಡ್ ವೇಗ. ರಾತ್ರಿ ಒಂಬತ್ತರ ನಂತರ ಹಲವು ಸಲ ಅಳೆದು ನೋಡಿದಾಗ ಸಿಕ್ಕ ಅತಿ ಕಡಿಮೆ ಸಂಖ್ಯೆ 6.5 ಎಂಬಿಪಿಎಸ್. ಅದರಲ್ಲಿ ಐದನ್ನು ಮಾತ್ರ ಖರ್ಚು ಮಾಡಬೇಕು, ಉಳಿದದ್ದು ಆಟಕ್ಕೆ ಮತ್ತು ಏರಿಳಿತಕ್ಕೆ ಎಂದು ತೀರ್ಮಾನಿಸಿದೆವು.

ಇಲ್ಲಿ ಕಾಮೆಂಟರಿಯ ತೊಡಕು ಬರುತ್ತದೆ. ಯೂಟ್ಯೂಬ್ ಲೈವ್ ನೋಡಿಕೊಂಡು ಅವನು ಮಾತಾಡಿದರೆ, ಅವನಿಗೆ ಕಾಣುವುದು ಎಂಟು ಸೆಕೆಂಡ್ ಹಳೆಯ ಆಟ. ಪರದೆ ಮೇಲೆ ಸ್ಟಾಪ್‌ವಾಚ್ ಇಟ್ಟು ಅಳೆದ ಸಂಖ್ಯೆ ಇದು. "ಇಣುಕ್ದಾ" ಎನ್ನುವ ಹೊತ್ತಿಗೆ ಇಣುಕಿದವನು ಸತ್ತು ಮುಂದಿನ ರೌಂಡ್ ಶುರುವಾಗಿರುತ್ತದೆ. ಈ ತಡ ದೂರದಿಂದ ಆದದ್ದಲ್ಲ. ನಮ್ಮ ಸಾಲಗಾಮೆ ರಸ್ತೆಯ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಿಂದ ನಿಯಂತ್ರಿಸುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ಅಲ್ಲಿಗೆ ಹೋಗಿ ಬರಲು ಸಿಗ್ನಲ್‌ಗೆ ಕಾಲು ಸೆಕೆಂಡ್ ಸಾಕು. ಹಾಸನದಿಂದ ಅರಕಲಗೂಡಿಗೆ ಎಂಟು ಸೆಕೆಂಡ್ ಆಗುವುದೇಕೆ? ಯೂಟ್ಯೂಬ್ ಬಂದ ಚಿತ್ರವನ್ನು ಮತ್ತೆ ಬೇರೆ ಬೇರೆ ಗಾತ್ರಕ್ಕೆ ಎನ್‌ಕೋಡ್ ಮಾಡುತ್ತದೆ, ತುಂಡು ತುಂಡಾಗಿ ಕಳಿಸುತ್ತದೆ. ನೋಡುವವನ ಫೋನ್ ಕೆಲವು ತುಂಡುಗಳನ್ನು ಮೊದಲೇ ಕೂಡಿಟ್ಟುಕೊಂಡು ತೋರಿಸುತ್ತದೆ. ಆ ದಾಸ್ತಾನು ಇರುವುದರಿಂದಲೇ ನೆಟ್‌ವರ್ಕ್ ಒಂದೆರಡು ಕ್ಷಣ ಹೋದರೂ ಚಕ್ರ ತಿರುಗುವುದಿಲ್ಲ. ಅಲ್ಟ್ರಾ ಲೋ ಲೇಟೆನ್ಸಿ ಆರಿಸಿದರೆ ತಡ ಮೂರು ನಾಲ್ಕು ಸೆಕೆಂಡಿಗೆ ಇಳಿಯಿತು, ದಾಸ್ತಾನೂ ಇಳಿಯಿತು, ಮಹಡಿ ಮೇಲೆ ಚಕ್ರ ಹತ್ತಾರು ಸಲ ತಿರುಗಿತು.

ಆದ್ದರಿಂದ ಅವನಿಗೆ ಬೇರೆ ದಾರಿ ಮಾಡಿದೆವು. ಡಿಸ್ಕಾರ್ಡ್ ಕರೆಯಲ್ಲಿ ನನ್ನ ಸ್ಕ್ರೀನ್ ಶೇರ್ ಮಾಡಿದರೆ ಒಂದು ಸೆಕೆಂಡಿಗೂ ಮುಂಚೆ ಅವನಿಗೆ ಚಿತ್ರ ತಲುಪುತ್ತದೆ. ಹಣ ಕೊಡದ ಖಾತೆಗೆ ಅಲ್ಲಿ 720ಪಿ, 30 ಫ್ರೇಮ್ ಮಿತಿ. ಅದು ಸಾಕು. ಅವನ ದನಿ ಅದೇ ಕರೆಯಿಂದ ಒಬಿಎಸ್‌ಗೆ ಬರುತ್ತದೆ. ಉಳಿದ ಅಲ್ಪ ತಡಕ್ಕೆ ಆಟದ ಚಿತ್ರದ ಮೇಲೆ ರೆಂಡರ್ ಡಿಲೇ ಫಿಲ್ಟರ್ ಹಾಕಿ 500 ಮಿಲಿಸೆಕೆಂಡ್ ತಡೆದೆವು, ಆಟದ ಸದ್ದಿಗೂ ಅಷ್ಟೇ ಸಿಂಕ್ ಆಫ್‌ಸೆಟ್ ಕೊಟ್ಟೆವು. ಆ ಫಿಲ್ಟರ್ 500ಕ್ಕಿಂತ ಹೆಚ್ಚು ಬಿಡುವುದೂ ಇಲ್ಲ. ಈಗ ಬಂದೂಕು ಹಾರುವುದಕ್ಕೂ ಅವನು "ಹೋದ" ಎನ್ನುವುದಕ್ಕೂ ಬಹುತೇಕ ಹೊಂದುತ್ತದೆ.

ಡಿಸ್ಕಾರ್ಡ್‌ಗೆ ಸುಮಾರು 2 ಎಂಬಿಪಿಎಸ್ ಹೋದರೆ ಯೂಟ್ಯೂಬ್‌ಗೆ ಉಳಿಯುವುದು ಮೂರು. 720ಪಿ 60 ಫ್ರೇಮ್‌ಗೆ ಯೂಟ್ಯೂಬ್ ಸೂಚಿಸುವುದು 6, 30 ಫ್ರೇಮ್‌ಗೆ 4. ಶೂಟರ್ ಆಟಕ್ಕೆ 60 ಇಲ್ಲದೆ ಆಗದು ಎಂದು ಹೊಳೆನರಸೀಪುರದವನ ವಾದ. ಗಾತ್ರವನ್ನು 540ಪಿಗೆ ಇಳಿಸಿ 60 ಉಳಿಸಿಕೊಳ್ಳೋಣ ಎಂದ. ಲೆಕ್ಕದಲ್ಲಿ ಅದು ಸರಿ: 540ಪಿ 60 ಮತ್ತು 720ಪಿ 30, ಎರಡರಲ್ಲೂ ಸೆಕೆಂಡಿಗೆ ಸುಮಾರು ಮೂರು ಕೋಟಿ ಚುಕ್ಕೆ. ಆದರೆ ಯೂಟ್ಯೂಬ್ 60 ಫ್ರೇಮ್ ತೋರಿಸುವುದು 720ಪಿ ಮತ್ತು ಅದಕ್ಕಿಂತ ದೊಡ್ಡ ಗಾತ್ರಗಳಲ್ಲಿ ಮಾತ್ರ. ನಮ್ಮ ನೋಡುಗರಲ್ಲಿ ಹೆಚ್ಚಿನವರು ಡೇಟಾ ಉಳಿಸಲು 480ಪಿಯಲ್ಲಿ ನೋಡುವವರು. ಅಲ್ಲಿ ನಾನು ಎಷ್ಟೇ ಕಳಿಸಿದರೂ ಸಿಗುವುದು 30. ನನ್ನ ಕೋಣೆಯಿಂದ ಹೊರಟು ಯಾರಿಗೂ ತಲುಪದ 30 ಫ್ರೇಮ್‌ಗಳಿಗೆ ಬಿಟ್ ಖರ್ಚು ಮಾಡುವುದು ದಂಡ. 720ಪಿ, 30 ಫ್ರೇಮ್, 3000 ಕೆಬಿಪಿಎಸ್ ಎಂದು ನಿಂತಿತು. ಹೊಳೆನರಸೀಪುರದವನು ಈಗಲೂ ಒಪ್ಪಿಲ್ಲ.

ಉಳಿದವು ಬೇಗ ಆದವು. ರೇಟ್ ಕಂಟ್ರೋಲ್ ಸಿಬಿಆರ್, ಅಂದರೆ ಸದಾ ಒಂದೇ ಹರಿವು. ಏರಿಳಿಯಲು ಬಿಟ್ಟರೆ ಗುಂಡಿನ ಕಾಳಗ ಜೋರಾದಾಗಲೇ ಬಿಟ್ ಉಕ್ಕಿ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕೀಫ್ರೇಮ್ 2 ಸೆಕೆಂಡಿಗೊಂದು. ಎನ್‌ಕೋಡರ್ ಎನ್‌ವೆಂಕ್, ಏಕೆಂದರೆ ಅದಕ್ಕೆ ಗ್ರಾಫಿಕ್ಸ್ ಕಾರ್ಡ್‌ನಲ್ಲೇ ಪ್ರತ್ಯೇಕ ಭಾಗ ಇದೆ. ಪ್ರೊಸೆಸರ್‌ಗೆ ಆ ಕೆಲಸ ಕೊಟ್ಟರೆ ನನ್ನ ಹಳೆಯ ಐ5ಗೆ ಆಟ ನಡೆಸಲು ಉಸಿರು ಉಳಿಯುವುದಿಲ್ಲ. ಆಟದ ಫ್ರೇಮ್‌ರೇಟ್‌ಗೆ 100ರ ಮಿತಿ ಹಾಕಿದ್ದೇನೆ. ಬಿಟ್ಟರೆ ಆಟವೇ ಕಾರ್ಡನ್ನೆಲ್ಲ ನುಂಗಿ ಒಬಿಎಸ್‌ಗೆ ಚಿತ್ರ ಜೋಡಿಸಲು ಜಾಗ ಕೊಡದು.

ಯಾರಾದರೂ ಪ್ರಯತ್ನಿಸುವುದಾದರೆ ಒಬಿಎಸ್‌ನ ಸ್ಟ್ಯಾಟ್ಸ್ ಕಿಟಕಿಯನ್ನು ತೆರೆದಿಡಿ. ಅಲ್ಲಿ ಫ್ರೇಮ್ ನಷ್ಟದ ಮೂರು ಸಾಲುಗಳಿವೆ. ರೆಂಡರಿಂಗ್ ಲ್ಯಾಗ್ ಏರಿದರೆ ಕಾರ್ಡ್‌ಗೆ ಹೊರೆ, ಎನ್‌ಕೋಡಿಂಗ್ ಲ್ಯಾಗ್ ಏರಿದರೆ ಎನ್‌ಕೋಡರ್‌ಗೆ ಹೊರೆ, ನೆಟ್‌ವರ್ಕ್ ಡ್ರಾಪ್ ಏರಿದರೆ ಅಪ್‌ಲೋಡ್ ಸಾಲದು. ಮೂರೂ ನೋಡುವವನಿಗೆ "ಸ್ಟಕ್ ಆಗ್ತಿದೆ" ಎಂದೇ ಕಾಣುತ್ತವೆ, ಮದ್ದು ಮಾತ್ರ ಬೇರೆ ಬೇರೆ. ನೆಟ್‌ವರ್ಕ್ ಡ್ರಾಪ್‌ಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಕೊಂಡವರನ್ನು ನಾನು ನೋಡಿದ್ದೇನೆ.

ಇನ್ನೂ ಒಂದು ಮಿತಿ ಯಾವ ಸೆಟ್ಟಿಂಗ್‌ನಲ್ಲೂ ಇಲ್ಲ. 2 ಎಂಬಿಪಿಎಸ್ ಎಂದರೆ ನಿಮಿಷಕ್ಕೆ 15 ಎಂಬಿ, ಗಂಟೆಗೆ 900 ಎಂಬಿ. 1.5 ಜಿಬಿ ಒಂದು ಗಂಟೆ ನಲವತ್ತು ನಿಮಿಷಕ್ಕೆ ಖಾಲಿ. ಅದಕ್ಕೇ ಅವನು ಶನಿವಾರ ಬೆಳಗ್ಗೆಯಿಂದ ಒಂದು ರೀಲ್ಸ್ ಕೂಡ ನೋಡುವುದಿಲ್ಲ, ಬಸ್‌ಸ್ಟ್ಯಾಂಡ್‌ನಲ್ಲಿ ಯಾರೇ ಫೋನ್ ಚಾಚಿ ತೋರಿಸಿದರೂ ಅವರ ಫೋನಿನಲ್ಲೇ ನೋಡಿ ನಕ್ಕು ಬರುತ್ತಾನೆ. ಲೈವ್ ಒಂದೂವರೆ ಗಂಟೆಗೆ ನಿಲ್ಲುತ್ತದೆ, ಪಂದ್ಯ ಯಾವ ಹಂತದಲ್ಲೇ ಇರಲಿ. ನಮ್ಮ ಅಮ್ಮಿಗೆ ಈ ಏರ್ಪಾಟು ತುಂಬ ಇಷ್ಟವಾಗಿದೆ.

ಬರುವ ತಿಂಗಳು ಚನ್ನರಾಯಪಟ್ಟಣದವನ ಅಕ್ಕ ಹಾಸ್ಟೆಲ್‌ಗೆ ವಾಪಸ್, ಲ್ಯಾಪ್‌ಟಾಪೂ ಅವರ ಜೊತೆ. ಅವನು ಫೋನಿನಿಂದಲೇ ಬಿಜಿಎಂಐ ಲೈವ್ ಮಾಡಬೇಕೆಂದಿದ್ದಾನೆ. ಫೋನಿನಿಂದ ಲೈವ್ ಮಾಡಲು ಯೂಟ್ಯೂಬ್‌ನಲ್ಲಿ 50 ಚಂದಾದಾರರು ಬೇಕು. ಮೊದಲ ಸಲ ಲೈವ್ ತೆರೆಯಲು 24 ಗಂಟೆವರೆಗೂ ಕಾಯಬೇಕಾಗಬಹುದು. ಅವನಿಗೆ ಈಗ 34 ಜನ ಆಗಿದ್ದಾರೆ. ಎರಾಂಗೆಲ್ ಹುಲ್ಲಿಗೆ ಎಷ್ಟು ಬಿಟ್‌ರೇಟ್ ಬೇಕಾಗುತ್ತದೋ ಆಗ ಅಳೆದು ನೋಡಬೇಕು.