ಏರಿಸಿದ ವೇಗ ಎಲ್ಲಿ ಹೋಯಿತು?

ಹೊಲ ಕೊಂಡವನಿಗೆ ಮೂರು ಸಂಗತಿಗಳು ಕೂಡಿಬರಬೇಕಾಗುತ್ತದೆ. ಖರೇದಿಖತ ನೋಂದಣಿಯಾಗಬೇಕು, ಸಾತಬಾರಾ ಉತಾರದಲ್ಲಿ ಹೆಸರು ಏರಬೇಕು, ಹೊಲ ಕಬ್ಜಾಕ್ಕೆ ಬರಬೇಕು. ನಿಲಂಗಾ ನ್ಯಾಯಾಲಯಕ್ಕೆ ಹೋಗಿಬರುವ ನನ್ನಂಥ ವಕೀಲನ ಅರ್ಧ ಆಯುಷ್ಯ ಈ ಮೂರರ ನಡುವಿನ ಅಂತರದಲ್ಲಿಯೇ ಕಳೆಯುತ್ತದೆ. ಖತ ಆಗಿರುತ್ತದೆ, ಉತಾರದಲ್ಲಿ ಹಳೆಯ ಹೆಸರೇ ಇರುತ್ತದೆ. ಉತಾರದಲ್ಲಿ ಹೆಸರು ಬಂದಿರುತ್ತದೆ, ಹೊಲದಲ್ಲಿ ಬೇರೊಬ್ಬನ ಕುಂಟೆ ನಡೆದಿರುತ್ತದೆ. ಕಕ್ಷಿದಾರನು ಮಾತ್ರ ‘ನನ್ನ ಕೆಲಸ ಆಗಿಲ್ಲ’ ಎಂಬ ಒಂದೇ ಮಾತು ಹೇಳುತ್ತಾನೆ. ಅದು ಎಲ್ಲಿ ನಿಂತಿದೆ ಎಂದು ಹುಡುಕುವುದು ನಮ್ಮ ವೃತ್ತಿ. ಈ ಬೇಸಿಗೆಯಲ್ಲಿ ಇಂಥದೇ ಹುಡುಕಾಟವನ್ನು ಕಾಸಾರಶಿರಸಿಯ ನಮ್ಮ ಮನೆಯಲ್ಲಿ, ಒಂದು ಗಣಕಯಂತ್ರದ ಮುಂದೆ ಕುಳಿತು ಮಾಡುವ ಪ್ರಸಂಗ ಒದಗಿತು. ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸುವ ಪಾಲಕರಿಗೆ ಅದರಲ್ಲಿ ತಿಳಿಯತಕ್ಕದ್ದು ಕೆಲವು ಇವೆಯೆಂದು ತೋರಿದ್ದರಿಂದ ಬರೆಯುತ್ತಿದ್ದೇನೆ.

ನನ್ನ ಅಕ್ಕನ ಮಗ ಹತ್ತನೆಯ ಇಯತ್ತೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಡಿಪ್ಲೊಮಾ ಎರಡನೆಯ ವರ್ಷದಲ್ಲಿದ್ದಾನೆ. ಯಂತ್ರಭಾಗಗಳ ಚಿತ್ರಗಳನ್ನು ಗಣಕಯಂತ್ರದಲ್ಲಿ ರಚಿಸುವುದು ಅವನ ಅಭ್ಯಾಸದ ಭಾಗ. ಅದಕ್ಕಾಗಿ ಭಾವನವರು ಸೋಯಾಬೀನ್ ಮಾರಿದ ಹಣದಲ್ಲಿ ಒಂದು ಬಳಸಿದ ಯಂತ್ರವನ್ನು ಕೊಡಿಸಿದ್ದರು. ಅದರ ಪ್ರೊಸೆಸರು ಇಂಟೆಲ್ ಸಂಸ್ಥೆಯು 2014ರಲ್ಲಿ ಹೊರತಂದ ಐ5-4690ಕೆ. ಒಂದು ಚಿತ್ರ ಪೂರ್ಣಗೊಳ್ಳಲು ಗಂಟೆ ಹಿಡಿಯುತ್ತಿತ್ತು. ಹುಡುಗನು ಪ್ರೊಸೆಸರಿನ ವೇಗವನ್ನು ಕಾರಖಾನೆ ನಿಗದಿ ಮಾಡಿದ್ದಕ್ಕಿಂತ ಮೇಲೆ ಏರಿಸಲು, ಎಂದರೆ ಓವರ್‌ಕ್ಲಾಕ್ ಮಾಡಲು ಹೊರಟ. ಅಂಕಿ ಬದಲಿಸಿದ, ಉಳಿಸಿದ, ಯಂತ್ರವನ್ನು ಮರಳಿ ಚಾಲೂ ಮಾಡಿದ. ಗಂಟೆಯ ಕೆಲಸ ಗಂಟೆಯನ್ನೇ ತೆಗೆದುಕೊಂಡಿತು.

ಭಾವನವರು ಮಾರಿದವನು ಮೋಸ ಮಾಡಿದನೆಂದು ನಿಶ್ಚಯಿಸಿದರು. ‘ವಕೀಲ್ರ, ಒಂದ ನೋಟೀಸ್ ಕೊಡ್ರಿ. ಇಲ್ಲಾ ಇದನ್ನ ಬಂದಷ್ಟಕ್ಕ ಮಾರಿಬಿಡ್ತೀನಿ’ ಎಂದರು. ಮಗನ ವಿಚಾರ ಬೇರೆಯಿತ್ತು: ‘ಮಾಮಾ, ಓಲ್ಟೇಜ್ ಇನ್ನಷ್ಟು ಏರಿಸಿ ನೋಡ್ತೀನ್ರಿ.’ ಒಂದು ಮಾರ್ಗದಲ್ಲಿ ಹುಡುಗನ ಓದಿನ ಸಾಧನ ಹೋಗುತ್ತಿತ್ತು, ಇನ್ನೊಂದರಲ್ಲಿ ಯಂತ್ರವೇ ಸುಡುವ ಸಂಭವವಿತ್ತು. ನಾನು ಓದಿದ್ದು ಎಲ್‌ಎಲ್‌ಬಿ, ಯಂತ್ರಶಾಸ್ತ್ರವಲ್ಲ. ಆದರೆ ಸಾಕ್ಷಿ ಕೇಳದೆ ತೀರ್ಪು ಕೊಡಬಾರದೆಂಬುದು ಎರಡಕ್ಕೂ ಸಲ್ಲುವ ನಿಯಮ. ನೋಟೀಸೂ ಬೇಡ, ಓಲ್ಟೇಜೂ ಬೇಡ, ಮೊದಲು ಒಂದು ವಹಿ ತೆಗೆದುಕೋ ಎಂದೆ. ಒಂದು ಸಲಕ್ಕೆ ಒಂದೇ ಬದಲು, ಬದಲಿನ ಹಿಂದೆ ಒಂದು ಪರೀಕ್ಷೆ, ಪರೀಕ್ಷೆಯ ಹಿಂದೆ ಒಂದು ಬರಹ, ಇದು ನಾನು ಹಾಕಿದ ಷರತ್ತು.

ಮೊದಲ ಪ್ರಶ್ನೆ ಅಧಿಕಾರದ್ದು. ವೇಗವನ್ನು ಏರಿಸಲು ಈ ಪ್ರೊಸೆಸರಿಗೆ ಅನುಮತಿ ಇದೆಯೇ? ಹುಡುಗನು ತಂದೆಗೆ ತಿಳಿಯುವಂತೆ ವಿವರಿಸಬೇಕಾಯಿತು, ಆಗ ಅವನ ಶಾಲೆಯ ಕನ್ನಡ ಕೈಗೆ ಬಂದಿತು. ಪ್ರೊಸೆಸರಿನ ಒಳಗೆ ಎರಡು ಸಂಖ್ಯೆಗಳಿವೆ. ಒಂದು ಮೂಲ ಬಡಿತ, 100 ಮೆಗಾಹರ್ಟ್ಸ್. ಇನ್ನೊಂದು ಗುಣಕ, ಇದರಲ್ಲಿ 35. ಇವುಗಳ ಗುಣಲಬ್ಧ 3500 ಮೆಗಾಹರ್ಟ್ಸ್, ಅಂದರೆ 3.5 ಗಿಗಾಹರ್ಟ್ಸ್, ಸೆಕೆಂಡಿಗೆ 350 ಕೋಟಿ ಬಡಿತ. ಗುಣಕವನ್ನು 44 ಮಾಡಿದರೆ 4.4 ಗಿಗಾಹರ್ಟ್ಸ್. ಹೆಸರಿನ ಕೊನೆಯ ‘ಕೆ’ ಅಕ್ಷರವು ಗುಣಕಕ್ಕೆ ಬೀಗ ಹಾಕಿಲ್ಲವೆಂಬುದರ ಗುರುತು. ‘ಕೆ’ ಇಲ್ಲದ 4690ರಲ್ಲಿ ಹೀಗೆ ಏರಿಸಲಾಗದು. ಪ್ರೊಸೆಸರು ಕುಳಿತಿರುವ ಮದರ್‌ಬೋರ್ಡೂ ಅದಕ್ಕೆ ತಕ್ಕದ್ದಿರಬೇಕು. ಆ ಪೀಳಿಗೆಯಲ್ಲಿ ಝಡ್97 ಚಿಪ್‌ಸೆಟ್ ಈ ಕೆಲಸಕ್ಕೆಂದೇ ಇದ್ದದ್ದು, ಎಚ್81 ಅಲ್ಲ. ಪೆಟ್ಟಿಗೆ ತೆರೆದು ನೋಡಿದರೆ ಎರಡೂ ಸರಿಯಾಗಿದ್ದವು. ಮಾರಿದವನ ಮೇಲಿನ ಆರೋಪ ಅಲ್ಲಿಗೆ ಬಿದ್ದುಹೋಯಿತು.

ಎರಡನೆಯ ಪ್ರಶ್ನೆ ದಸ್ತಾವೇಜಿನದು. ಬರೆದ 44 ಬರೆದಲ್ಲಿ ಉಳಿದಿದೆಯೇ? ಯಂತ್ರ ಚಾಲೂ ಆಗುವಾಗಲೇ ಒಂದು ಕೀಲಿ ಒತ್ತಿ ಒಳಹೊಗುವ ಬಯಾಸ್ ಎಂಬ ಪುಟದಲ್ಲಿ ಆ ಅಂಕಿ ಇರುತ್ತದೆ. ಹುಡುಗನು ಆಗಲೇ ಯಂತ್ರವನ್ನು ಮರಳಿ ಚಾಲೂ ಮಾಡಿ ತೋರಿಸಿದ, 44 ಇತ್ತು. ಮರುದಿನ ಬೆಳಿಗ್ಗೆ ನೋಡಿದರೆ 44 ಮಾಯವಾಗಿ ಕಾರಖಾನೆಯ ಅಂಕಿಯೇ ಬಂದಿತ್ತು. ತಾರೀಖೂ ಎಷ್ಟೋ ವರ್ಷ ಹಿಂದೆ ಸರಿದಿತ್ತು. ಈ ತಾರೀಖೇ ಸಾಕ್ಷಿ ಹೇಳಿತು. ಮದರ್‌ಬೋರ್ಡಿನ ಮೇಲೆ ಸಿಆರ್2032 ಎಂಬ, ನಾಣ್ಯದಂಥ 3 ವೋಲ್ಟಿನ ಬ್ಯಾಟರಿ ಇರುತ್ತದೆ. ಕರೆಂಟು ಇಲ್ಲದಾಗ ಗಡಿಯಾರವನ್ನೂ, ಬಹಳ ಯಂತ್ರಗಳಲ್ಲಿ ಇಂಥ ಅಂಕಿಗಳನ್ನೂ ಅದೇ ಕಾಯುತ್ತದೆ. ನಗರದಲ್ಲಿ ಅದು ಸತ್ತರೂ ಕೆಲದಿನ ಗೊತ್ತಾಗಲಿಕ್ಕಿಲ್ಲ. ಕರೆಂಟು ಹೋಗಿ ಬರುವ, ರಾತ್ರಿ ಗೋಡೆಯ ಗುಂಡಿಯನ್ನೇ ಆರಿಸುವ ನಮ್ಮ ಮನೆಗಳಲ್ಲಿ ಒಂದೇ ರಾತ್ರಿಯಲ್ಲಿ ಬಯಲಾಗುತ್ತದೆ. ಗಡಿಯಾರ ರಿಪೇರಿಯ ಅಂಗಡಿಯಿಂದ ಹೊಸ ಬ್ಯಾಟರಿ ತಂದು ಹಾಕಿದ ಮೇಲೆ 44 ನಿಂತಿತು.

ಆದರೂ ಗಂಟೆಯ ಕೆಲಸ ಗಂಟೆಯನ್ನೇ ಹಿಡಿಯಿತು. ಭಾವನವರು ‘ನೋಡ್ರಿ, ನಾ ಹೇಳಿದ್ದಿಲ್ಲೇನು’ ಎಂದು ನಕ್ಕರು.

ಮೂರನೆಯ ಪ್ರಶ್ನೆ, ನಾವು ನೋಡುತ್ತಿರುವುದು ಉತಾರವನ್ನೋ ಹೊಲವನ್ನೋ ಎಂಬುದು. ವಿಂಡೋಸ್ ತೋರಿಸುವ ಪ್ರೊಸೆಸರಿನ ಹೆಸರಿನ ಪಕ್ಕದಲ್ಲಿ 3.50 ಗಿಗಾಹರ್ಟ್ಸ್ ಎಂದಿರುತ್ತದೆ. ಅದು ಹೆಸರಿನ ಭಾಗ, ವೇಗ ಎಷ್ಟೇ ಏರಿದರೂ ಬದಲಾಗದು. ಅದನ್ನು ನೋಡಿ ಕೆಲಸ ಆಗಿಲ್ಲವೆನ್ನುವುದು, ಉತಾರದ ಹಳೆಯ ಹೆಸರು ನೋಡಿ ಹೊಲ ಮಾರಾಟವೇ ಆಗಿಲ್ಲವೆಂದಂತೆ. ಇನ್ನು ಸುಮ್ಮನೆ ಕುಳಿತ ಯಂತ್ರದಲ್ಲಿ ವೇಗ 0.8ಕ್ಕೆ ಇಳಿದಿರುತ್ತದೆ. ಅದು ವಿದ್ಯುತ್ ಉಳಿಸುವ ಏರ್ಪಾಡು, ಕೆಲಸವಿಲ್ಲದ ಎತ್ತು ಗೊಂತಿನಲ್ಲಿ ಮಲಗಿದ ಹಾಗೆ. ಎತ್ತಿನ ಬಲ ತಿಳಿಯಬೇಕಾದರೆ ನೇಗಿಲು ಹೂಡಬೇಕು. ನಾಲ್ಕೂ ಕೋರುಗಳಿಗೆ ಪೂರ್ಣ ಕೆಲಸ ಕೊಟ್ಟು ಆ ಹೊತ್ತಿನ ವೇಗವನ್ನು ನೋಡಿದೆವು. 3.5ರ ಆಸುಪಾಸಿನಲ್ಲಿ ನಿಂತಿತು, ಒಂದು ಕೂದಲೂ ಮೇಲೇರಲಿಲ್ಲ. ಖತ ಸರಿ, ಕಬ್ಜಾ ಇಲ್ಲ.

ಈ ಸಾಲನ್ನು ವಹಿಯಲ್ಲಿ ಬರೆಯುತ್ತಿರುವಾಗ ಹುಡುಗನಿಗೇ ಹೊಳೆಯಿತು. ಇದೇ ಪ್ರೊಸೆಸರು ಯಾರೂ ಮುಟ್ಟದಿದ್ದರೂ ತಾನಾಗಿ 3.9ರವರೆಗೆ ಏರಬಲ್ಲುದು, ಅದಕ್ಕೆ ಟರ್ಬೊ ಎಂದು ಹೆಸರು. ಅಷ್ಟೂ ಏರುತ್ತಿಲ್ಲವೆಂದರೆ ಯಾರೋ ತಡೆಯಾಜ್ಞೆ ತಂದಿರಬೇಕು! ವಿಂಡೋಸಿನಲ್ಲಿ ವಿದ್ಯುತ್ ಬಳಕೆಯ ಸೆಟ್ಟಿಂಗಿನ ಒಳಗೊಳಗೆ, ಪ್ರೊಸೆಸರಿನ ಗರಿಷ್ಠ ಸ್ಥಿತಿ ಎಂಬಲ್ಲಿ ಅದು ಸಿಕ್ಕಿತು. ಅಲ್ಲಿ ಶೇ. 100ರ ಬದಲು ಶೇ. 99 ಎಂದಿತ್ತು. ಒಂದು ಅಂಶದಿಂದ ಏನಾದೀತು ಎಂದೆನಿಸುತ್ತದೆ. ಆದರೆ 35ರ ಮೇಲಿನ ಗುಣಕಗಳೆಲ್ಲ ಟರ್ಬೊದ ಲೆಕ್ಕಕ್ಕೆ ಸೇರಿದವು, ಮತ್ತು 100ಕ್ಕಿಂತ ಕಡಿಮೆ ಬರೆದರೆ ಟರ್ಬೊದ ಬಾಗಿಲೇ ಮುಚ್ಚುತ್ತದೆ. ಯಂತ್ರ ಬಿಸಿಯಾಗದಿರಲೆಂದು ಹಲವರು ಹೀಗೆ ಮಾಡುವುದುಂಟು. ಹಿಂದಿನ ಒಡೆಯನೂ ಹಾಗೆಯೇ ಒಳ್ಳೆಯ ಉದ್ದೇಶದಿಂದ ಮಾಡಿರಬಹುದು. 99ನ್ನು 100 ಮಾಡಿದ ಕ್ಷಣ ವೇಗ 4.4ಕ್ಕೆ ಹಾರಿತು. ಓಲ್ಟೇಜನ್ನು ಎಷ್ಟು ಏರಿಸಿದ್ದರೂ ಈ ಬೀಗ ತೆರೆಯುತ್ತಿರಲಿಲ್ಲ, ಶಾಖ ಮಾತ್ರ ಹೆಚ್ಚುತ್ತಿತ್ತು.

ಹತ್ತು ನಿಮಿಷದಲ್ಲಿ ವೇಗ ಮತ್ತೆ ಕುಸಿಯತೊಡಗಿತು. ಈ ಸಲ ಕಾರಣ ಎದುರಿಗೇ ಇತ್ತು, ಪ್ರೊಸೆಸರಿನ ತಾಪಮಾನ 100 ಡಿಗ್ರಿಯನ್ನು ಸಮೀಪಿಸಿತ್ತು. ಅಷ್ಟು ಬಿಸಿಯಾದಾಗ ಅದು ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಫ್ಯಾನಿನ ತುಂಬ ಧೂಳು ಕಟ್ಟಿತ್ತು, ಪ್ರೊಸೆಸರಿನ ಮೇಲಿನ ಪೇಸ್ಟು ಒಣಗಿ ಸುಣ್ಣದಂತಾಗಿತ್ತು. ಧೂಳು ತೆಗೆದು ಹೊಸ ಪೇಸ್ಟು ಹಚ್ಚಿದ ಮೇಲೆ ಬಹಳ ಸುಧಾರಿಸಿತು. ಆದರೂ ಫ್ಯಾನು ಕೋಣೆಯ ಗಾಳಿಯನ್ನೇ ಬೀಸಬೇಕಲ್ಲ. ಮರಾಠವಾಡದ ಬೇಸಿಗೆಯ ಗಾಳಿ ಎಂಥದೆಂದು ಈ ಭಾಗದ ಓದುಗರಿಗೆ ಹೇಳಬೇಕಾಗಿಲ್ಲ. ಹುಡುಗನು ಗುಣಕವನ್ನು 42ಕ್ಕೆ ಇಳಿಸಿದ. ಒಂದು ಗಂಟೆಯ ಪೂರ್ಣ ಕೆಲಸದಲ್ಲಿ ಯಂತ್ರ ನಿಲ್ಲಲಿಲ್ಲ, ವೇಗ ಬೀಳಲಿಲ್ಲ. ಗಂಟೆಯ ಚಿತ್ರ ಐವತ್ತು ನಿಮಿಷ ಚಿಲ್ಲರೆಯಲ್ಲಿ ಮುಗಿಯಿತು.

‘ಹತ್ತ ಮಿನಿಟಿನ ಸಲುವಾಗಿ ಇಷ್ಟ ಪಂಚಾಯ್ತಿ?’ ಎಂದು ಭಾವನವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಹುಡುಗನು ವಹಿಯ ಹಿಂದಿನ ಪುಟದಲ್ಲಿ ಲೆಕ್ಕ ಮಾಡಿ ತೋರಿಸಿದ. 35ರಿಂದ 42 ಎಂದರೆ ವೇಗ ಶೇ. 20 ಹೆಚ್ಚು. ಅದಕ್ಕಾಗಿ ಓಲ್ಟೇಜು, ಶಾಲೆಯ ಪುಸ್ತಕದ ಮಾತಿನಲ್ಲಿ ವಿಭವಾಂತರ, ಶೇ. 10 ಏರಿದರೆಂದು ಹಿಡಿದರೆ ಖರ್ಚಾಗುವ ಶಕ್ತಿ ವೇಗದ ಅನುಪಾತದಲ್ಲಿಯೂ ವಿಭವಾಂತರದ ವರ್ಗದ ಅನುಪಾತದಲ್ಲಿಯೂ ಏರುತ್ತದೆ. 1.2ನ್ನು 1.1ರ ವರ್ಗದಿಂದ, ಅಂದರೆ 1.21ರಿಂದ ಗುಣಿಸಿದರೆ ಸುಮಾರು 1.45. ಇಪ್ಪತ್ತು ಪಾಲು ವೇಗಕ್ಕೆ ನಲವತ್ತೈದು ಪಾಲು ಹೆಚ್ಚಿನ ಶಾಖ. ಟರ್ಬೊದ ಬಾಗಿಲು ತೆರೆದದ್ದರಿಂದ ಬಂದ ಲಾಭವಾದರೋ ಕಾರಖಾನೆಯೇ ಒಪ್ಪಿದ ಮಿತಿಯೊಳಗಿನದು. ‘ಮಳಿ ಬರೂತನಕ 42 ಬ್ಯಾಡ್ರಿ ಅಪ್ಪಾ, ಕಾರಖಾನಿ ಅಂಕಿನೇ ಇರ್ಲಿ. 99 ತಗದದ್ದ ಸಾಕು’ ಎಂದು ಹುಡುಗನೇ ಹೇಳಿದ. ಏರಿಸುವ ಹಟ ಹಿಡಿದವನ ಬಾಯಿಂದ ಈ ಮಾತು ಬಂದುದೇ ನನಗೆ ಆ ವಹಿಯ ನಿಜವಾದ ಫಲವಾಗಿ ಕಂಡಿತು. ಭಾವನವರು ಯಂತ್ರವನ್ನು ಮಾರುವ ಮಾತನ್ನು ಮತ್ತೆ ಎತ್ತಿಲ್ಲ.

ಪಾಲಕರಲ್ಲಿ ಒಂದು ಭಯವಿದೆ. ಕನ್ನಡದಲ್ಲಿ ಓದಿದ ಮಗುವಿಗೆ ಇಂಥ ವಿಷಯ ತಲೆಗೆ ಹತ್ತದೆಂದು ನೆರೆಯವರು ಹೇಳುತ್ತಾರೆ, ನಾವೂ ಅರೆಮನಸ್ಸಿನಿಂದ ನಂಬುತ್ತೇವೆ. ಪರದೆಯ ಮೇಲಿನ ಶಬ್ದಗಳು ಇಂಗ್ಲಿಷಿನವು ಎಂಬುದು ನಿಜ, ಅವನ್ನು ಕಲಿಯಲೇಬೇಕು. ಆದರೆ ಗುಣಕ, ಅನುಪಾತ, ವರ್ಗ, ವಿಭವಾಂತರ ಎಂಬ ಶಬ್ದಗಳನ್ನು ಈ ಹುಡುಗನು ಶಾಲೆಯಲ್ಲಿಯೇ ಕಲಿತಿದ್ದ. ಸೋಯಾಬೀನ್ ಬೆಳೆಯುವ ತಂದೆಗೆ ಯಂತ್ರದ ಒಳಗಿನದನ್ನು ಬಿಡಿಸಿ ಹೇಳಲು ಅವೇ ಸಾಕಾದವು, ಹೇಳುತ್ತ ಹೇಳುತ್ತ ಅವನಿಗೂ ವಿಷಯ ತಿಳಿಯಾಯಿತು.

ನಿಮ್ಮ ಮನೆಯಲ್ಲಿಯೂ ಯಾರಾದರೂ ಈ ಪ್ರಯೋಗಕ್ಕೆ ಕೈಹಾಕಿದರೆ ಕೆಲವು ಮಾತು ನೆನಪಿರಲಿ. ಕಾರಖಾನೆಯ ಮಿತಿ ಮೀರಿದರೆ ಗ್ಯಾರಂಟಿ ಹೋಗಬಹುದು. ಪೆಟ್ಟಿಗೆ ತೆರೆಯುವ ಮುನ್ನ ಗೋಡೆಯಿಂದ ಪ್ಲಗ್ಗು ಕೀಳಬೇಕು. ಓಲ್ಟೇಜನ್ನು ಕೊನೆಯವರೆಗೂ ಮುಟ್ಟಬಾರದು. ಮಗುವಿನ ಅಭ್ಯಾಸದ ಕಡತಗಳನ್ನು ಮೊದಲೇ ಬೇರೆಡೆ ನಕಲು ಮಾಡಿ ಇಡಬೇಕು. ಎಲ್ಲಕ್ಕೂ ಮುಂಚೆ ಎಂಟಾಣೆಯದಾದರೂ ಸರಿ, ಒಂದು ವಹಿಯನ್ನು ಕೈಗೆ ಕೊಡಿರಿ.