ಅಪ್ಪನ ಜೊತೆ ಬಿವಾ ಸರೋವರಕ್ಕೊಂದು ಸುತ್ತು

"ಸೈಕಲ್ ತುಳೀಬಹುದಂತೆ, ಡಾಕ್ಟರ್ ಹೇಳಿದ್ರು" ಅಂತ ಅಪ್ಪ ಫೋನಿನಲ್ಲಿ ಖುಷಿಯಿಂದ ಹೇಳಿದಾಗ, ಹಿಂದಿನಿಂದ ಅಮ್ಮನ ದನಿ ಬಂತು. "ಪೂರ್ತಿ ಹೇಳಿ. ಏದುಸಿರು ಬಂದ್ರೆ ಅಲ್ಲೇ ನಿಲ್ಲಿಸ್ಬೇಕು ಅಂತಾನೂ ಹೇಳಿದಾರೆ."

ಅಪ್ಪ ಸಾಗರದ ಕಡೆ ಮೇಷ್ಟ್ರಾಗಿದ್ದವರು. ಮೂವತ್ತು ವರ್ಷ ಶಾಲೆಗೆ ಹೋಗಿಬಂದದ್ದು ಸೈಕಲ್‌ನಲ್ಲೇ. ಹೋದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಆ ಸೈಕಲ್ ಕೊಟ್ಟಿಗೆ ಸೇರಿತ್ತು. ಈ ಏಪ್ರಿಲ್‌ನಲ್ಲಿ ಅಪ್ಪ–ಅಮ್ಮ ಒಂದು ತಿಂಗಳು ಕ್ಯೋಟೋದಲ್ಲಿರುವ ನನ್ನ ಮನೆಗೆ ಬರುವುದು ಖಾಯಂ ಆದಾಗ, ನಾನೇ ಬಾಯಿ ತಪ್ಪಿ ಅಂದುಬಿಟ್ಟೆ: "ಇಲ್ಲೊಂದು ಸರೋವರ ಇದೆ ಅಪ್ಪಾ, ಸೈಕಲ್‌ನಲ್ಲಿ ಸುತ್ತಬಹುದು."

ಬಿವಾ ಜಪಾನಿನ ಅತಿ ದೊಡ್ಡ ಸರೋವರ. ಸುಮಾರು 670 ಚದರ ಕಿಲೋಮೀಟರ್ ನೀರು. ಅದನ್ನು ಸೈಕಲ್‌ನಲ್ಲಿ ಸುತ್ತುವುದಕ್ಕೆ ಇಲ್ಲಿಯವರು 'ಬಿವಾಇಚಿ' ಅಂತಾರೆ. ಪೂರ್ತಿ ಸುತ್ತು 200 ಕಿಲೋಮೀಟರಿಗೆ ಹತ್ತಿರ. 2019ರಲ್ಲಿ ಇದನ್ನು ರಾಷ್ಟ್ರೀಯ ಸೈಕಲ್ ಮಾರ್ಗ ಅಂತ ಘೋಷಿಸಿದರು. ರಸ್ತೆಯ ಎಡ ಅಂಚಿನಲ್ಲಿ ನೀಲಿ ಗುರುತು ಹಾಕಿದ್ದಾರೆ. ಜಪಾನಿನಲ್ಲೂ ನಮ್ಮ ಹಾಗೆ ಎಡಬದಿಯ ಸಂಚಾರ. ಹಾಗಾಗಿ ಅಪ್ರದಕ್ಷಿಣವಾಗಿ ಹೋದರೆ ನೀರು ಸದಾ ಎಡಗಡೆ, ವಾಹನಗಳೆಲ್ಲ ಬಲಗಡೆ. "ದೇವಸ್ಥಾನ ಅಲ್ವಲ್ಲ, ಪರವಾಗಿಲ್ಲ" ಅಂದರು ಅಪ್ಪ.

ದಕ್ಷಿಣದ ತುದಿಯಲ್ಲಿ ಪಟ್ಟಣದ ಗದ್ದಲ ಹೆಚ್ಚು. ಅದನ್ನು ಬಿಟ್ಟು, ಬಿವಾಕೋ ಓಹಾಶಿ ಸೇತುವೆ ದಾಟಿ ಉತ್ತರ ಭಾಗವನ್ನಷ್ಟೇ ಸುತ್ತಿದರೆ 150–160 ಕಿಲೋಮೀಟರ್. ಅದನ್ನು ಮೂರು ದಿನಕ್ಕೆ ಹಂಚಿದೆ. ಮೊದಲ ದಿನ ಮೈಬಾರದಿಂದ ನಾಗಹಾಮ ಮೇಲಾಗಿ ಇಮಾಜು, ಸುಮಾರು 60. ಎರಡನೇ ದಿನ ಸೇತುವೆಯ ಬಳಿಯ ಕತಾತ, ಸುಮಾರು 40. ಮೂರನೇ ದಿನ ಪೂರ್ವ ದಂಡೆಯಲ್ಲಿ ಹಿಕೋನೆ ದಾಟಿ ವಾಪಸ್ ಮೈಬಾರ.

ಆಮೇಲೆ ನಕ್ಷೆಯಲ್ಲಿ ಚೆಂದದ ಜಾಗಗಳಿಗೆ ಗುರುತು ಹಾಕುತ್ತಾ ಕೂತೆ. ಹಾಕುತ್ತಾ ಹಾಕುತ್ತಾ ಅಮ್ಮನ ಮಾತು ನೆನಪಾಯಿತು. ಎಲ್ಲ ಅಳಿಸಿ, ರೈಲು ನಿಲ್ದಾಣಗಳಿಗೆ ಗುರುತು ಹಾಕಿದೆ. ಪಶ್ಚಿಮ ದಂಡೆಯಲ್ಲಿ ಕೋಸೈ ರೈಲು ಮಾರ್ಗ ನೀರಿನ ಪಕ್ಕದಲ್ಲೇ ಓಡುತ್ತದೆ, ಕೆಲವೇ ಕಿಲೋಮೀಟರಿಗೊಂದು ನಿಲ್ದಾಣ. ಪೂರ್ವದಲ್ಲಿ, ಸೇತುವೆಯಿಂದ ಹಿಕೋನೆವರೆಗೆ, ನಿಲ್ದಾಣಗಳು ದಂಡೆಯಿಂದ ದೂರ. ಇಲ್ಲಿ ಸೈಕಲ್ಲನ್ನು ಮಡಚಿಯೋ ಬಿಚ್ಚಿಯೋ ಚೀಲಕ್ಕೆ ಹಾಕಿದರೆ ಮಾತ್ರ ರೈಲಿಗೆ ಹತ್ತಿಸಬಹುದು. ಅದಕ್ಕೇ ಸಹೋದ್ಯೋಗಿಯ ಮಡಚುವ ಸೈಕಲ್ಲನ್ನು ಅಪ್ಪನಿಗೆ ಕೇಳಿ ತಂದೆ. ಬಾಡಿಗೆ ಸೈಕಲ್ಲೂ ಸಿಗುತ್ತದೆ, ಆದರೆ ನಡುವೆ ಬಿಟ್ಟುಹೋಗಲು ಆಗುತ್ತದೋ ಇಲ್ಲವೋ ಅಂತ ಅಂಗಡಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಏಪ್ರಿಲ್ ನಡುವಿನ ಒಂದು ಮಂಗಳವಾರ ಹೊರಟೆವು. ವಾರಾಂತ್ಯ ಬೇಡ ಅಂದುಕೊಂಡದ್ದಕ್ಕೆ ಕಾರಣ ಕೈಜು ಓಸಾಕಿ. ಅಲ್ಲಿ ನೀರಿಗೆ ಬಾಗಿದ ಚೆರ್‍ರಿ ಮರಗಳು ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೂ ಇವೆ. ಹೂವಿನ ಕಾಲದ ರಜಾದಿನಗಳಲ್ಲಿ ಕಾರುಗಳದ್ದೇ ಸಾಲು. ಉತ್ತರ ತುದಿಯಲ್ಲಿ ಅಂಗಡಿಗಳು ಕಡಿಮೆ. ಅಮ್ಮ ಕಟ್ಟಿಕೊಟ್ಟ ಚಪಾತಿ, ಚಟ್ನಿಪುಡಿ ಅಲ್ಲೇ ಮರದ ಕೆಳಗೆ ಮುಗಿಯಿತು. ಬೆಟ್ಟ, ಕಾಡು, ಅದರ ಕಾಲಿಗೆ ಅಲುಗದ ನೀರು. ಅಪ್ಪ ತುಂಬಾ ಹೊತ್ತು ನೋಡಿ, "ನಮ್ಮ ಶರಾವತಿ ಹಿನ್ನೀರಿನ ಹಾಗೇ ಇದೆ ಕಣೇ. ಆದ್ರೆ ಇದರ ಕೆಳಗೆ ಯಾರ ಮನೇನೂ ಇಲ್ಲ" ಅಂದರು. ಅಜ್ಜನ ಗದ್ದೆ ಲಿಂಗನಮಕ್ಕಿಯಲ್ಲಿ ಮುಳುಗಿದ್ದು ನನಗೆ ಗೊತ್ತು. ಅಪ್ಪ ಅದನ್ನು ತಾವಾಗಿ ಎತ್ತಿದ್ದು ಅದೇ ಮೊದಲು.

ಎರಡನೇ ದಿನ ಎದುರುಗಾಳಿ. ನೀರಿನಲ್ಲಿ ನಿಂತ ಕೆಂಪು ಮಹಾದ್ವಾರದ ಶಿರಾಹಿಗೆ ದೇಗುಲದ ಹತ್ತಿರ ರಸ್ತೆ ಕಿರಿದು, ಲಾರಿಗಳು ಜೋರು. ದ್ವಾರ ನಮ್ಮ ಎಡಕ್ಕೇ ಇತ್ತು, ದೇಗುಲ ರಸ್ತೆಯಾಚೆ. ಅಲ್ಲಿ ರಸ್ತೆ ದಾಟುವ ಸಾಹಸ ಮಾಡಬೇಡಿ, ಅಪಾಯ. ಅದನ್ನು ದಾಟಿ ಮುಂದೆ ಬಂದಮೇಲೆ ಅಪ್ಪ ಮಾತು ನಿಲ್ಲಿಸಿದ್ದು ಗಮನಕ್ಕೆ ಬಂತು.

"ಇನ್ನು 17 ಕಿಲೋಮೀಟರ್ ಅಷ್ಟೇ ಅಪ್ಪಾ. ನಿಧಾನ ಹೋಗೋಣ" ಅಂದೆ. ಇಷ್ಟು ದೂರ ಬಂದು ಅರ್ಧಕ್ಕೆ ಬಿಡೋದಾ ಅನ್ನೋದು ನನ್ನ ಸಂಕಟ. ಅಪ್ಪ ಸೈಕಲ್ ಇಳಿದು, ಉಸಿರು ಹದಕ್ಕೆ ಬರುವವರೆಗೂ ಸುಮ್ಮನೆ ನಿಂತು, "ಕಿತಾಕೊಮಾತ್ಸು ಅಂತ ಬರೆದಿದೆಯಲ್ಲ, ಇದು ನೀನು ಗುರುತು ಹಾಕಿದ ಸ್ಟೇಷನ್ನೇ ಅಲ್ವಾ?" ಅಂದರು.

ಹೌದು. ಗುರುತು ಹಾಕಿದ್ದೇ ನಾನು, ಈಗ ಅಲ್ಲಿ ಇಳಿಯಬೇಡಿ ಅಂತಿದ್ದದ್ದೂ ನಾನೇ. ನಾಚಿಕೆಯಾಯಿತು.

ಸೈಕಲ್ ಮಡಚಿ ಚೀಲಕ್ಕೆ ಹಾಕಿದೆ. ನಾನೂ ರೈಲಿಗೇ ಬರುತ್ತೀನಿ ಅಂದರೆ ನನ್ನ ಸೈಕಲ್ ಬಾಡಿಗೆಯದ್ದು, ಚೀಲ ಇಲ್ಲ. "ನೀ ಹೋಗು, ಎದೆ ನೋವೇನಿಲ್ಲ, ಸುಸ್ತು ಅಷ್ಟೇ" ಅಂತ ಅಪ್ಪನೇ ಕಳಿಸಿದರು. ಪ್ರತಿ ಸಿಗ್ನಲ್‌ನಲ್ಲೂ ನಿಂತು ಫೋನ್ ಮಾಡುತ್ತಾ ತುಳಿದೆ. ಕತಾತ ನಿಲ್ದಾಣದ ಬೆಂಚಿನ ಮೇಲೆ ಕೂತು ಅಪ್ಪ ಬಿಸಿ ಚಹಾ ಕುಡಿಯುತ್ತಿದ್ದರು. ನನಗೂ ಒಂದು ಬಾಟಲಿ ಕೊಂಡಿಟ್ಟಿದ್ದರು.

ಮೂರನೇ ದಿನದ್ದು ಸಮತಟ್ಟು ರಸ್ತೆ. ರಾತ್ರಿ ಚೆನ್ನಾಗಿ ನಿದ್ದೆಯಾಗಿದ್ದರಿಂದ ಅಪ್ಪ ಹೊರಟೇಬಿಟ್ಟರು. ಅರ್ಧ ಗಂಟೆಗೊಮ್ಮೆ ನಿಂತು ನಿಂತು, ಸಂಜೆ ಬೆಳಕಿರುವಾಗಲೇ ಮೈಬಾರ ಮುಟ್ಟಿದೆವು.

ನಿಮ್ಮ ಮನೆಯ ಹಿರಿಯರನ್ನು ಇಂಥದ್ದಕ್ಕೆ ಕರೆದೊಯ್ಯುವಿರಾದರೆ ಮೊದಲು ಡಾಕ್ಟರನ್ನು ಕೇಳಿ. ಆಮೇಲೆ ಎಲ್ಲೆಲ್ಲಿ ನಿಲ್ಲಿಸಬಹುದು ಅನ್ನೋದನ್ನು ಗುರುತು ಹಾಕಿ. ನಿಲ್ಲಿಸುತ್ತೇನೆ ಅಂದಾಗ ವಾದ ಮಾಡಬೇಡಿ.

ಅಪ್ಪ ಊರಿಗೆ ಹೋಗಿ ಎರಡು ತಿಂಗಳಾಯಿತು. ಸೈಕಲ್ ಕೊಟ್ಟಿಗೆಯಿಂದ ಹೊರಗೆ ಬಂದಿದೆಯಂತೆ. ದಿನಾ ಬೆಳಗ್ಗೆ ಐದು ಕಿಲೋಮೀಟರ್ ಮಾತ್ರ, ಅಮ್ಮನ ಅಪ್ಪಣೆ. ನಿನ್ನೆ ಫೋನಿಡುವ ಮೊದಲು, "17 ಕಿಲೋಮೀಟರ್ ಬಾಕಿ ಇದೆ, ಮರೀಬೇಡ" ಅಂದರು.