ಸಿಂಗಪುರದಲ್ಲಿ ಐದು ದಿನ

ಮೊನ್ನೆ ಅಟ್ಟದ ಮೇಲಿದ್ದ ಕಬ್ಬಿಣದ ಟ್ರಂಕನ್ನು ಇಳಿಸಿ ಹಳೆಯ ಕಾಗದಪತ್ರಗಳನ್ನು ವಿಂಗಡಿಸುತ್ತಿದ್ದಾಗ ನೂರು ಪುಟದ ಒಂದು ನೋಟ್‌ಬುಕ್ಕು ಕೈಗೆ ಸಿಕ್ಕಿತು. ರಟ್ಟಿನ ಮೇಲೆ ನನ್ನದೇ ಅಕ್ಷರದಲ್ಲಿ ‘ಸಿಂಗಪುರ ಪ್ರವಾಸ, ಅಕ್ಟೋಬರ್ 1988’ ಎಂದಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಈ ನೋಟ್‌ಬುಕ್ಕಿನ ಪರಿಚಯವಿದೆ. ಸಮಾಜ ವಿಜ್ಞಾನದ ತರಗತಿಯಲ್ಲಿ ಅದನ್ನು ಕೈಯಲ್ಲಿ ಹಿಡಿದು ನಾನು ಎಷ್ಟು ಸಲ ಭಾಷಣ ಬಿಗಿದಿದ್ದೇನೆಂಬುದು ಅವರಿಗೇ ಗೊತ್ತು. ಬೆನ್ನ ಹಿಂದೆ ಅವರು ನನ್ನನ್ನು ‘ಸಿಂಗಪುರ ಮೇಷ್ಟ್ರು’ ಎಂದು ಕರೆಯುತ್ತಿದ್ದುದು ನನಗೆ ತಿಳಿಯದ ವಿಷಯವೇನಲ್ಲ. ತಿಳಿಯದವನಂತೆ ಇದ್ದೆ; ಒಳಗೊಳಗೇ ಅದು ಹಿತವಾಗಿಯೂ ಇತ್ತು.

ಆಗ ನನಗೆ ಇಪ್ಪತ್ತೇಳು ವರ್ಷ. ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಭಾವ 1981ರಿಂದ ಸಿಂಗಪುರದ ಹಡಗು ದುರಸ್ತಿ ಕಾರ್ಖಾನೆಯೊಂದರಲ್ಲಿದ್ದರು. ‘ಮದುವೆಯಾದರೆ ನೀನು ಎಲ್ಲಿಗೂ ಹೊರಡುವುದಿಲ್ಲ, ಈಗಲೇ ಬಂದು ಹೋಗು’ ಎಂದು ಅಕ್ಕ ಕಾಗದ ಬರೆದಳು. ದಸರಾ ರಜೆಗೆ ಸರಿಯಾಗಿ ಟಿಕೆಟ್ಟೂ ಬಂತು. ಮದರಾಸಿನಿಂದ ಸಿಂಗಪುರಕ್ಕೆ ಹೋಗಿಬರುತ್ತಿದ್ದ ‘ಚಿದಂಬರಂ’ ಹಡಗಿನ ಸಂಚಾರ 1985ರ ಬೆಂಕಿ ಅನಾಹುತದ ನಂತರ ನಿಂತುಹೋಗಿತ್ತು. ಹೀಗಾಗಿ ಬಸ್ಸಿನಾಚೆಗೆ ಹೆಚ್ಚೇನೂ ಕಾಣದಿದ್ದ ನಾನು ವಿಮಾನ ಹತ್ತಿದೆ. ಆ ಪ್ರಯಾಣದ ವಿಚಾರ ಬರೆಯುವಂಥದ್ದೇನೂ ಇಲ್ಲ. ಕಿಟಕಿಯ ಸೀಟು ಸಿಗಲಿಲ್ಲ, ಅಷ್ಟೆ.

ಅಕ್ಕನ ಮನೆ ತೊವಾ ಪಾಯೊ ಎಂಬ ಬಡಾವಣೆಯಲ್ಲಿತ್ತು. ಚೀನೀಯರ ಒಂದು ಪದವೂ ಮಲಯದ ಒಂದು ಪದವೂ ಕೂಡಿ ಆದ ಆ ಹೆಸರಿಗೆ ‘ದೊಡ್ಡ ಜೌಗು’ ಎಂದರ್ಥವಂತೆ. ಜೌಗಿನ ಸುಳಿವೇ ಇಲ್ಲದ ಆ ನೆಲದಲ್ಲಿ ವಸತಿ ಮಂಡಳಿಯವರು ಕಟ್ಟಿದ ಮಹಡಿ ಮನೆಗಳು ಸಾಲುಸಾಲಾಗಿ ನಿಂತಿದ್ದವು. ಪ್ರತಿ ಅಂತಸ್ತಿನಿಂದಲೂ ಬಿದಿರುಗಳು ಹೊರಚಾಚಿಕೊಂಡು, ಅವುಗಳಿಗೆ ಪೋಣಿಸಿದ ಒದ್ದೆ ಬಟ್ಟೆಗಳು ಬಾವುಟಗಳಂತೆ ಹಾರಾಡುತ್ತಿದ್ದವು. ಕಟ್ಟಡದ ತಳದಲ್ಲಿ ಮನೆಗಳಿಲ್ಲ. ಕಂಬಗಳ ನಡುವೆ ಬರಿಯ ಖಾಲಿ ಅಂಗಳ. ನಾನಿದ್ದ ಐದು ದಿನಗಳಲ್ಲೇ ಅಲ್ಲಿ ಒಂದು ಮಲಯ ಮದುವೆಯ ಊಟವೂ, ಎರಡು ದಿನ ಬಿಟ್ಟು ಒಬ್ಬ ಚೀನೀ ವೃದ್ಧರ ಶವಸಂಸ್ಕಾರದ ವಿಧಿಗಳೂ ನಡೆದವು. ಅಕ್ಕ ಎರಡಕ್ಕೂ ಹೋಗಿ ಬಂದಳು.

ನೋಟ್‌ಬುಕ್ಕಿನ ಮೊದಲ ಪುಟಗಳೆಲ್ಲ ರೈಲಿನ ವರ್ಣನೆ. ಎಂ.ಆರ್.ಟಿ. ಎಂಬ ಆ ನಗರ ರೈಲು ಆರಂಭವಾಗಿ ಒಂದು ವರ್ಷ ತುಂಬಿರಲಿಲ್ಲ. 1987ರ ನವೆಂಬರ್ 7ರಂದು ಐದೇ ನಿಲ್ದಾಣಗಳ ನಡುವೆ ಅದು ಮೊದಲು ಓಡಿತು. ಆ ಐದರಲ್ಲಿ ತೊವಾ ಪಾಯೊ ಒಂದು. ನೆಲದಡಿಗೆ ಇಳಿದಾಗ ತಣ್ಣನೆಯ ಗಾಳಿ. ರೈಲು ಬಂದು ನಿಂತ ಮೇಲೆ ಬಾಗಿಲು ತಾನಾಗಿಯೇ ತೆರೆದಾಗ ನಾನು ಹತ್ತುವುದನ್ನೇ ಮರೆತು ನಿಂತಿದ್ದೆ. ‘ಹತ್ತೋ ಮಾರಾಯ, ಅದು ಕಾಯೋದಿಲ್ಲ’ ಎಂದು ಭಾವ ಕೈಹಿಡಿದು ಎಳೆದುಕೊಂಡರು. ಒಳಗೆ ತಿನ್ನಬಾರದು, ಕುಡಿಯಬಾರದು, ಸಿಗರೇಟು ಸೇದಬಾರದು, ತಪ್ಪಿದರೆ ದಂಡ. ಯಾವ ತಪ್ಪಿಗೆ ಎಷ್ಟು ಡಾಲರ್, ನಮ್ಮ ರೂಪಾಯಿಗಳಲ್ಲಿ ಎಷ್ಟು ಎಂದು ಲೆಕ್ಕ ಹಾಕಿ ಎರಡು ಪುಟ ತುಂಬಿಸಿದ್ದೇನೆ.

ಮೂರನೆಯ ದಿನ ಸಂಜೆ ಭಾವ ಸಿಂಗಪುರ ನದಿಯ ದಡಕ್ಕೆ ಕರೆದೊಯ್ದರು. ನದಿಯೆಂದರೆ ನಮ್ಮ ತುಂಗೆ, ಕಾವೇರಿಯಂಥದ್ದಲ್ಲ. ಮೂರು ಕಿಲೋಮೀಟರ್ ಚಿಲ್ಲರೆ ಉದ್ದದ್ದು. ಆದರೆ 1819ರಲ್ಲಿ ರಾಫಲ್ಸ್ ಬಂದಿಳಿದ ನಂತರ ಊರಿನ ವ್ಯಾಪಾರವೆಲ್ಲ ಬೆಳೆದದ್ದು ಅದರ ದಡದಲ್ಲೇ. ಭಾವ ಬಂದ ಹೊಸತರಲ್ಲಿ ಸರಕು ಸಾಗಿಸುವ ದೋಣಿಗಳು ಒಂದಕ್ಕೊಂದು ತಾಗಿ ನಿಂತಿರುತ್ತಿದ್ದುವಂತೆ. ಮೂಗು ಮುಚ್ಚಿಕೊಳ್ಳದೆ ಸೇತುವೆ ದಾಟುವಂತಿರಲಿಲ್ಲವಂತೆ. ಪ್ರಧಾನಿ ಲೀ ಕ್ವಾನ್ ಯೂ 1977ರಲ್ಲಿ, ಹತ್ತು ವರ್ಷದೊಳಗೆ ಈ ನದಿ ಶುದ್ಧವಾಗಬೇಕೆಂದು ಗಡುವು ಕೊಟ್ಟರು. ದೋಣಿಗಳನ್ನು 1983ರಲ್ಲಿ ಬೇರೆ ದಡಕ್ಕೆ ಕಳುಹಿಸಿದರು. ಮೇಲ್ಭಾಗದಲ್ಲಿದ್ದ ಹಂದಿ, ಬಾತುಕೋಳಿ ಸಾಕಣೆಗಳು ಮುಚ್ಚಿದವು. ಕಲ್ಮಶವೆಲ್ಲ ಹರಿದು ಬಂದು ಸೇರುತ್ತಿದ್ದ ಆ ಪ್ರದೇಶದ ಬೀದಿಗಳಿಂದ ಸುಮಾರು 5,000 ಬೀದಿ ವ್ಯಾಪಾರಿಗಳನ್ನು ಬೇರೆಡೆಗೆ ಸ್ಥಳಾಂತರಿಸಿದರು. 1987ರಲ್ಲಿ ಕೆಲಸ ಮುಗಿದಿತ್ತು. ನಾನು ನೋಡಿದಾಗ ನೀರು ನಿಶ್ಚಲವಾಗಿ ಹೊಳೆಯುತ್ತಿತ್ತು. ದಡದ ಹಳೆಯ ಉಗ್ರಾಣಗಳು ಮಾತ್ರ ಬಾಗಿಲು ಹಾಕಿಕೊಂಡು, ಜಾತ್ರೆ ಮುಗಿದ ಮರುದಿನದ ಬಯಲಿನಂತೆ ಬಿಕೋ ಎನ್ನುತ್ತಿದ್ದವು. ‘ನಾತವೂ ಹೋಯ್ತು, ಗಲಾಟೆಯೂ ಹೋಯ್ತು’ ಎಂದರು ಭಾವ. ಅದು ಸಂತೋಷವೋ ವ್ಯಥೆಯೋ ನನಗೆ ತಿಳಿಯಲಿಲ್ಲ.

ಮರುದಿನ ಅಕ್ಕನೊಡನೆ ಸೆರಂಗೂನ್ ರಸ್ತೆಯ ತೆಕ್ಕಾ ಮಾರುಕಟ್ಟೆಗೆ ಹೋದೆ. ಪಕ್ಕದ ಬೀದಿಯ ಹೆಸರು ಬಫೆಲೊ ರೋಡ್. ಹಿಂದೆ ಆ ಭಾಗದಲ್ಲಿ ದನ-ಎಮ್ಮೆಗಳ ವ್ಯಾಪಾರ ನಡೆಯುತ್ತಿದ್ದುದರ ಗುರುತು ಅದು. 1982ರಲ್ಲಿ ಎದ್ದ ಆ ಕಟ್ಟಡದಲ್ಲಿ ತರಕಾರಿ, ಮೀನು, ಬಟ್ಟೆಗಳ ಜೊತೆಗೆ ತಿಂಡಿಯ ಮಳಿಗೆಗಳ ಸಾಲು. ಅದರಲ್ಲೊಬ್ಬ ತಮಿಳು ಮುದುಕರ ಬಳಿ ಅಕ್ಕ ಯಾವಾಗಲೂ ಅಪ್ಪಂ ಕೊಳ್ಳುತ್ತಿದ್ದಳು. ನಾನು ಮೇಷ್ಟರೆಂದು ತಿಳಿದು ಅವರು ಸ್ಟೂಲು ಎಳೆದು ಕೂರಿಸಿದರು. ‘ಹದಿನೈದು ವರ್ಷ ಬೀದಿಯಲ್ಲಿ ತಳ್ಳುಗಾಡಿ ಇಟ್ಟುಕೊಂಡಿದ್ದೆ ತಂಬಿ. ಇನ್‌ಸ್ಪೆಕ್ಟರ್ ಬಂದ ಅಂದ್ರೆ ಸಾಕು, ಕುದಿಯೋ ಎಣ್ಣೆ ಸಮೇತ ಗಾಡಿ ತಳ್ಕೊಂಡು ಓಡೋದು. ನೋಡು’ ಎಂದು ಮೊಣಕೈ ಕೆಳಗಿನ ಸುಟ್ಟ ಗಾಯದ ಕಲೆ ತೋರಿಸಿದರು. ಮಳಿಗೆ ಕೊಟ್ಟ ಹೊಸತರಲ್ಲಿ ಗಿರಾಕಿಗಳು ಕಡಿಮೆಯಾದರು, ಬಾಡಿಗೆ ಭಾರವಾಯಿತು, ಬೈದುಕೊಂಡೆ ಎಂದೂ ಹೇಳಿದರು. ಆಮೇಲೆ ನಲ್ಲಿಯನ್ನು ತಿರುಗಿಸಿ, ನೀರು ಬೀಳುವುದನ್ನು ನನಗೆ ತೋರಿಸಿ, ಮತ್ತೆ ಮುಚ್ಚಿದರು. ಮೊದಲು ಒಂದು ಬಕೆಟ್ ನೀರಿನಲ್ಲಿ ದಿನವಿಡೀ ತಟ್ಟೆ ತೊಳೆಯುತ್ತಿದ್ದರಂತೆ.

ನಲ್ಲಿಯಲ್ಲಿ ನೀರು ಬರುವುದನ್ನು ತೋರಿಸುವುದೇನಿದೆ ಎಂದು ನನಗೆ ಆಗ ಅನ್ನಿಸಿತು. ಈಗ ನೋಟ್‌ಬುಕ್ಕನ್ನು ಎರಡು ಸಲ ತಿರುವಿ ಹಾಕಿದೆ. ಮೆರ್ಲಯನ್ ವಿಗ್ರಹದ ಎತ್ತರವಿದೆ, ವಿಮಾನ ನಿಲ್ದಾಣದ ರಸ್ತೆಯ ಮಳೆಮರಗಳಿವೆ, 1827ರಲ್ಲಿ ಸ್ಥಾಪನೆಯಾದ ಮಾರಿಯಮ್ಮನ ಗುಡಿಯಿದೆ, ಅದೇ ಬೀದಿಯ ಮಸೀದಿಯಿದೆ. ಆ ಮುದುಕರ ವಿಷಯ ಒಂದು ಸಾಲೂ ಇಲ್ಲ.

ಊರಿಗೆ ಮರಳಿದವನು ಸುಮ್ಮನಿರಲಿಲ್ಲ. ಶಾಲೆಯ ಸ್ವಚ್ಛತಾ ಸಮಿತಿಯ ಹೊಣೆ ನನ್ನದಾಯಿತು. ಕಾಗದ ಬಿಸಾಡಿದವರಿಗೆ ಐದು ಪೈಸೆ ದಂಡ ಹಾಕಿದ್ದು ನಿಮಗೆ ನೆನಪಿರಬಹುದು. ಗೇಟಿನ ಎದುರಿನ ಹುಣಸೆಮರದ ಬುಡದಲ್ಲಿ ಒಬ್ಬ ಅಜ್ಜಿ ಗೋಣಿಚೀಲ ಹಾಸಿಕೊಂಡು ಬೋರೆಹಣ್ಣು, ಉಪ್ಪು ಹಚ್ಚಿದ ನೆಲ್ಲಿಕಾಯಿ, ಕಡಲೆಕಾಯಿ ಮಾರುತ್ತಿದ್ದರಲ್ಲವೆ? ಸಿಪ್ಪೆಯೆಲ್ಲ ಗೇಟಿನ ಮುಂದೆ ಬೀಳುತ್ತದೆಂದು ಮುಖ್ಯೋಪಾಧ್ಯಾಯರಿಗೆ ಹೇಳಿ, ಒಂದು ವಾರದಲ್ಲಿ ಅವರನ್ನು ಎಬ್ಬಿಸಿದವನು ನಾನು. ‘ಎಲ್ಲಿಗೆ ಹೋಗ್ಲಿ ಸ್ವಾಮೀ?’ ಎಂದು ಕೇಳಿದರು. ಊರಿನಲ್ಲಿ ಬೇಕಾದಷ್ಟು ಜಾಗವಿದೆ ಎಂದೆ. ಅಜ್ಜಿ ಬಸ್‌ಸ್ಟ್ಯಾಂಡಿನ ಬಳಿ ಕೂರತೊಡಗಿದರು.

ಸಿಂಗಪುರದವರು 1968-69ರಲ್ಲಿ ಇಡೀ ದ್ವೀಪದ ಬೀದಿ ವ್ಯಾಪಾರಿಗಳನ್ನು ನೋಂದಾಯಿಸಿ, 1971ರಿಂದ 1986ರವರೆಗೆ ನಲ್ಲಿ, ಚರಂಡಿ, ಸೂರುಗಳಿರುವ ಕೇಂದ್ರಗಳನ್ನು ಕಟ್ಟುತ್ತಾ ಕಟ್ಟುತ್ತಾ ಅವರನ್ನು ಅಲ್ಲಿಗೆ ಸೇರಿಸಿದರೆಂಬುದನ್ನು ನಾನು ಓದಿದ್ದು ಬಹಳ ಈಚೆಗೆ, 2020ರಲ್ಲಿ ಯುನೆಸ್ಕೊ ಆ ಕೇಂದ್ರಗಳ ಆಹಾರ ಸಂಸ್ಕೃತಿಯನ್ನು ತನ್ನ ಪಟ್ಟಿಗೆ ಸೇರಿಸಿದ ಸುದ್ದಿ ಬಂದಾಗ. ಆದರೆ ಓದಿ ತಿಳಿಯಬೇಕಾದ ಅಗತ್ಯ ನನಗಿರಲಿಲ್ಲ; ಆ ಮುದುಕರು ನಲ್ಲಿ ತಿರುಗಿಸಿ ತೋರಿಸಿದ್ದರು. ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ, 1999ರಿಂದ 2004ರ ನಡುವೆ, ಬೆಂಗಳೂರನ್ನು ಸಿಂಗಪುರ ಮಾಡುವ ಮಾತು ಬಹಳ ಕೇಳಿಬರುತ್ತಿತ್ತು. ಎಲ್ಲರಿಗಿಂತ ಹೆಚ್ಚು ತಲೆಯಾಡಿಸಿದವನು ನಾನೇ ಇರಬೇಕು.

ಅಜ್ಜಿಯ ಮೊಮ್ಮಗಳು ಎಂಟನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ. ಮಧ್ಯಾಹ್ನ ಹುಣಸೆಮರದ ಕೆಳಗೇ ಅಜ್ಜಿಯೊಡನೆ ಬುತ್ತಿ ಬಿಚ್ಚುತ್ತಿದ್ದಳು. ಅಜ್ಜಿ ಬಸ್‌ಸ್ಟ್ಯಾಂಡಿಗೆ ಹೋದ ಮೇಲೆ ಬುಟ್ಟಿ ಹೊತ್ತುಕೊಂಡು ಹೋಗಿ ಇಟ್ಟು ಬರುವುದು ಅವಳ ಕೆಲಸವಾಯಿತು; ಮೊದಮೊದಲು ತಡವಾಗಿ ಬರುತ್ತಿದ್ದಳು. ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸುವ ನಿಯಮವೂ ನನ್ನದೇ. 1989ರ ಸಂಕ್ರಾಂತಿ ಕಳೆದ ಮೇಲೆ ಅವಳು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ. ಮನೆಗೆ ಹೋಗಿ ವಿಚಾರಿಸಲಿಲ್ಲ.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ವರ್ಷ ಕಿಟಕಿಯ ಪಕ್ಕದ ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದವರಿಗೆ ನೆನಪಿರಬೇಕು. ಈಗ ಅವಳಿಗೆ ಐವತ್ತರ ಆಸುಪಾಸು. ಎಲ್ಲಿದ್ದಾಳೆಂದು ನಿಮ್ಮಲ್ಲಿ ಯಾರಿಗಾದರೂ ತಿಳಿದಿದ್ದರೆ, ದಯವಿಟ್ಟು ನನಗೊಂದು ಮಾತು ತಿಳಿಸಿ.